ಹೊನ್ನಗದ್ದೆ ಕಿವುಡು

೨೧೯೧ನೇ ಇಸವಿ, ಕೇಳುಮಾಸದ ಮೂವತ್ತೆಂಟನೇ ದಿನ

ಸನ್ಮಾನ ಸಮಿತಿಯ ಅಧ್ಯಕ್ಷರಾದ ಶ್ರೀ ಸದಾಶಿವ ಹೊನ್ನಗದ್ದೆಯವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನನ್ನ ಕೆಲವು ಪದಗಳೂ ವಿಚಿತ್ರವೆನಿಸಬಹುದು. ಅಷ್ಟಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ಕೇಳುಮಾಸವೆಂದರೆ ದೊಡ್ಡವರು ಬಾಯಿ ಮುಚ್ಚಿಕೊಂಡು ಮಕ್ಕಳ ಮಾತು ಕೇಳುವ ತಿಂಗಳು. ಬೇಗ ಮುಗಿಯಬಾರದೆಂದು ಅದಕ್ಕೆ ನಲವತ್ತು ದಿನ ಕೊಟ್ಟಿದ್ದೇವೆ.

ಬರುವ ಭಾನುವಾರ ನೀವು ಮನಶ್ಶಾಸ್ತ್ರಜ್ಞೆ ಡಾ. ಲುವೀಜಾ ಸಿದ್ದಿಯವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡಲಿದ್ದೀರಿ. ನಾಲ್ಕು ವರ್ಷ ಹಾಸ್ಟೆಲಿನಿಂದ ಹಾಸ್ಟೆಲಿಗೆ ಅಲೆದು ನಮ್ಮ ಸಿದ್ದಿ ಹುಡುಗ ಹುಡುಗಿಯರ ಮನಸ್ಸಿನ ಸಂಕಟವನ್ನು ಬರೆದುಕೊಂಡವರು ಅವರು. ಪ್ರಶ್ನೆಪತ್ರ ಹಂಚಿದಾಗ ಯಾರೂ ಬಾಯಿ ಬಿಡಲಿಲ್ಲ. ನಮ್ಮ ಡಮಾಮಿಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಬೇಕಲ್ಲ, ಆ ಹೊತ್ತಿನಲ್ಲಿ ಅವರು ಬೆಂಕಿಯ ಪಕ್ಕ ಹೋಗಿ ಕೂತರು. ಅಲ್ಲಿ ಮಾತು ಬಂತು. ತರಗತಿಯಲ್ಲಿ ಕೂದಲು ಜಗ್ಗಿ ನಗುವವರ ಬಗ್ಗೆ, "ನಿಂದು ಯಾವ ದೇಶ?" ಎಂದು ದಿನಾ ಕೇಳುವ ಮೇಷ್ಟರ ಬಗ್ಗೆ, ಬದುಕೇ ಬೇಡವೆನಿಸುವ ದಿನಗಳ ಬಗ್ಗೆ. ವಾದ್ಯ ಕಾದು ಕುಣಿತ ಶುರುವಾದರೆ ಎಲ್ಲರದೂ ನಗುಮುಖ. ವೇದಿಕೆಗೆ ಹೆಚ್ಚು ಹತ್ತಿಸಿದ ಮಕ್ಕಳೇ ಹೆಚ್ಚು ನೊಂದವರು ಎಂದು ಅವರು ಬರೆದರು. ಪ್ರತಿ ಹಾಸ್ಟೆಲಿನಲ್ಲೂ ಕೇಳಿಸಿಕೊಳ್ಳಲು ನಮ್ಮವರೇ ಒಬ್ಬರು ಬೇಕೆಂದರು.

ಆ ವರದಿ ಪರಿಶೀಲನೆಗೆ ಬಂದದ್ದು ನಿಮ್ಮ ಮೇಜಿಗೆ. ನೀವು ಬರೆದ ಷರಾ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ: "ಈ ಮಕ್ಕಳಲ್ಲಿ ಮನೋವ್ಯಥೆಯ ಲಕ್ಷಣಗಳಿಲ್ಲ. ಸದಾ ನಗುತ್ತಾರೆ, ಚೆನ್ನಾಗಿ ಕುಣಿಯುತ್ತಾರೆ." ವರದಿ ಬೀರು ಸೇರಿತು. ಈಗ ಅದೇ ಕೈಯಲ್ಲಿ ಶಾಲು! ಮೂಗಿಗೆ ತುಪ್ಪ ಸವರುವುದನ್ನು ನಿಮ್ಮಿಂದ ಕಲಿಯಬೇಕು.

ನಾವು ಸೇಡು ತೀರಿಸಿಕೊಂಡೆವು. ನಿಮ್ಮ ವಂಶದವರನ್ನು ಮುಟ್ಟಲಿಲ್ಲ. ಅವರು ನಮ್ಮ ಜೊತೆಯೇ ಉಣ್ಣುತ್ತಾರೆ. ಒಂದು ರೋಗಕ್ಕೆ ನಿಮ್ಮ ಹೆಸರಿಟ್ಟೆವು, ಅಷ್ಟೇ. ನೊಂದ ಮಗುವಿಗೆ ಯಾರಾದರೂ "ನೀನು ಚೆನ್ನಾಗಿಯೇ ಇದ್ದೀಯಲ್ಲ" ಎಂದರೆ, ನಮ್ಮ ವೈದ್ಯರು ಚೀಟಿ ಬರೆಯುವುದು ಮಗುವಿಗಲ್ಲ, ಹಾಗೆಂದವರಿಗೆ. ರೋಗದ ಹೆಸರು: ಹೊನ್ನಗದ್ದೆ ಕಿವುಡು. ಚಿಕಿತ್ಸೆಯೆಂದರೆ ಡಮಾಮಿ ಕಾಯಿಸುವ ಬೆಂಕಿಯ ಪಕ್ಕ ಒಂದು ತಿಂಗಳು ಮೌನವಾಗಿ ಕೂರುವುದು. ಈಗ ಕೊನೆಯ ಮಗು ಮಾತು ಮುಗಿಸುವವರೆಗೆ ನಾವು ಡಮಾಮಿಗೆ ಪೆಟ್ಟು ಹಾಕುವುದಿಲ್ಲ. ಎಷ್ಟೋ ದಿನ ಚರ್ಮ ಕಾದು ಕಾದು, ತಣ್ಣಗಾಗಿ, ಕುಣಿತವೇ ಇಲ್ಲದೆ ಎಲ್ಲರೂ ಗಂಜಿ ಕುಡಿದು ಮಲಗುತ್ತೇವೆ. ಲುವೀಜಮ್ಮನಿಗೆ ನಾವು ಮಾಡುವ ಸನ್ಮಾನ ಅದು.

ಇನ್ನು ನನ್ನ ಸ್ವಂತ ಸಿಟ್ಟು. ಭಾನುವಾರ ನಿಮ್ಮ ವೇದಿಕೆಯ ಮೇಲೆ ಕುಣಿಯಲು ಹಾಸ್ಟೆಲಿನಿಂದ ಹತ್ತು ಮಂದಿಯನ್ನು ಕರೆಸಿದ್ದೀರಿ. ಸಾಲಿನ ಕೊನೆಯವಳು ರೆಮೇತಿ, ಹದಿನಾರು ವರ್ಷ. ನನ್ನ ಮುತ್ತಜ್ಜಿಯ ಅಜ್ಜಿಗೆ ಅಕ್ಕ. ತನಗೆ ಮನಸ್ಸು ಸರಿಯಿಲ್ಲವೆಂದು ಅವಳು ವಾರ್ಡನ್‌ಗೆ ಹೇಳಿದ್ದಾಳೆ. "ನಿಂಗೆ ಎಂತದ್ದು ಬೇಜಾರು ಮಾರಾಯ್ತಿ? ಒಂದು ಸಲ ಕುಣಿ, ಎಲ್ಲಾ ಸರಿಯಾಗ್ತದೆ" ಎಂಬ ಉತ್ತರ ಸಿಕ್ಕಿದೆ. ಅವಳು ಕುಣಿಯುತ್ತಾಳೆ. ಬುಧವಾರ ಅವಳು ಇರುವುದಿಲ್ಲ.

ಅವಳದೆಂದು ನಮ್ಮಲ್ಲಿರುವುದು ಒಂದೇ ಫೋಟೋ, ನಿಮ್ಮ ಸಮಾರಂಭದ್ದು. ಅದರಲ್ಲಿ ನಗುತ್ತಿದ್ದಾಳೆ. ನೀವು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೀರಿ. ಐದು ತಲೆಮಾರು ಆ ಚಪ್ಪಾಳೆಯನ್ನು ನೋಡಿ ಹಲ್ಲು ಕಡಿದಿದ್ದೇವೆ.

ಹೊನ್ನಗದ್ದೆಯವರೇ, ಭಾನುವಾರ ವೇದಿಕೆಯ ಹಿಂದೆ ಡಮಾಮಿ ಕಾಯಿಸುತ್ತಿರುತ್ತಾರೆ. ಶಾಲನ್ನು ಕುರ್ಚಿಯ ಮೇಲಿಟ್ಟು ಲುವೀಜಮ್ಮನ ಜೊತೆ ಅಲ್ಲಿಗೆ ಹೋಗಿ. ರೆಮೇತಿಯ ಪಕ್ಕದಲ್ಲಿ ಕೂತು, ಅವಳು ಹೇಳುವುದನ್ನು ಕೊನೆತನಕ ಕೇಳಿ. ಅವಳು ಉಳಿದರೆ ಆ ರೋಗಕ್ಕೆ ಬೇರೆ ಹೆಸರು ಹುಡುಕುತ್ತೇವೆ. ನಿಮ್ಮನ್ನು ಮರೆತುಬಿಡುವುದು ನಮಗೆ ಸುಲಭ.

ಹೋಗದಿದ್ದರೆ, ನಿಮಗೆ ಸಾವಿಲ್ಲ. ನಾಳೆ ಬೆಳಿಗ್ಗೆಯೂ ನಮ್ಮ ಆಸ್ಪತ್ರೆಯಲ್ಲಿ ಚೀಟಿಯ ಮೇಲೆ ನಿಮ್ಮ ಹೆಸರು ಬರೆಯುತ್ತೇವೆ.

ಇತಿ,
ರೆಮೇತಿಯ ತಂಗಿಯ ಕುಡಿ,
ವೈದ್ಯೆ ಪಾಸ್ಕಿನ್ ಸಿದ್ದಿ