ಐದು ಅಂದರೆ ನೀಲಾ

ಬಳ್ಳಾರಿ, ನೆರಳು ಶಕೆ ೮೮, ಎರಡನೇ ವೈಶಾಖದ ನಲವತ್ತೊಂದನೆಯ ದಿನ

ಕಾಣದ ಹಿರಿಯರಿಗೆ, ಕೋಟೆ ಕೆಳಗಿನ ನೆರಳುಬೀದಿಯ ಕೊಟ್ರಬಸಮ್ಮನ ಶರಣಾರ್ಥಿ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಒಂದು ವೈಶಾಖದಲ್ಲಿ ಮುಗಿಯದ ಹಾಗಾದ ಮೇಲೆ ನಮ್ಮ ಹಿಂದಿನವರು ಆ ತಿಂಗಳನ್ನು ಎರಡು ಮಾಡಿ, ಎರಡನೆಯದನ್ನು ಬೇಕಾದಷ್ಟು ಉದ್ದ ಎಳೆದುಕೊಂಡರು. ನನ್ನ ಮಾತೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಹಿನ್ನಡೆ ಅಂಚೆ ಎಂಬುದು ಈಗ ಬಂದಿದೆ; ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುತ್ತದೆ, ಆದರೆ ಒಬ್ಬರಿಗೆ ಜೀವಮಾನಕ್ಕೆ ಒಂದೇ. ನಾನು ಬರೆಯಲು ಕೂತದ್ದು ಕಂಡು ನಮ್ಮತ್ತೆ ಹಾಲಮ್ಮ, "ಇರೋದೊಂದು ಕಾಗದ. ಅದನ್ನೂ ಬಟ್ಟಿ ಚಪ್ಪಲಿ ಸುದ್ದಿಗೆ ಸುಡ್ತಿಯೇನವ್ವಾ?" ಎಂದರು. ಹೌದು ಎಂದೆ.

ಯಾಕೆಂದರೆ ನಿಮ್ಮ ಕಾಲದವರ ಗೊಣಗಾಟಗಳನ್ನು ಓದಿದ್ದೇನೆ. ಒಂದು ಕಂಪನಿಯ ಏಳು ಇನ್ನೊಂದರ ಎಂಟಂತೆ. ಮೀಡಿಯಂ ತಂದರೆ ತಲೆಯೇ ತೂರದಂತೆ, ಲಾರ್ಜ್ ತಂದರೆ ಒಳಗೆ ಇಬ್ಬರು ಸಂಸಾರ ಮಾಡಬಹುದಂತೆ. ಓದುತ್ತಾ ಓದುತ್ತಾ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಹತ್ತಿತು. ನಿಮ್ಮ ಸಿಟ್ಟಿಗೆ ಮುಖವಿಲ್ಲ. ಯಾವುದೋ ದೇಶದ ಯಾವುದೋ ಕಾರ್ಖಾನೆಯನ್ನು ಬೈದು, ಪೆಟ್ಟಿಗೆ ವಾಪಸ್ ಕಳಿಸಿ, ಊಟ ಮಾಡಿ ಮಲಗುತ್ತೀರಿ. ನನ್ನ ಸಿಟ್ಟಿಗೆ ಮುಖವಿತ್ತು. ನಾನು ಆ ಮುಖಕ್ಕೆ ದಿನಾ ರೊಟ್ಟಿ ಬಡಿದು ಹಾಕುತ್ತಿದ್ದೆ.

ನಮ್ಮ ದಿನಚರಿಯನ್ನು ಸ್ವಲ್ಪ ಹೇಳದಿದ್ದರೆ ಇದು ತಿಳಿಯುವುದಿಲ್ಲ. ನಮ್ಮ ಬೀದಿಗಳ ಮೇಲೆಲ್ಲ ಚಪ್ಪರವಿದೆ, ಆದ್ದರಿಂದಲೇ ನೆರಳುಬೀದಿ. ಗಣಿ ಅಗೆದ ಗುಂಡಿಗಳು ಈಗ ಕೆರೆಗಳು, ಕುಡಿಯುವ ನೀರು ಅಲ್ಲಿಂದಲೇ ಬರುತ್ತದೆ. ಚಪ್ಪರ ಬಿಟ್ಟು ಹೊರಗೆ ಕಾಲಿಟ್ಟರೆ ಮೈಮೇಲೆ ತಣಿಬಟ್ಟೆ ಇರಲೇಬೇಕು. ಇದು ಮೈಯನ್ನು ತಂಪಾಗಿಡುವ ಬಟ್ಟೆ. ಮಗ್ಗದಲ್ಲಿ ಇಡಿಯಾಗಿ ಒಂದೇ ತುಂಡಾಗಿ ಬರುತ್ತದೆ. ಕತ್ತರಿ ತಾಗಿಸಿದರೆ, ಸೂಜಿ ಚುಚ್ಚಿದರೆ ಅದರ ತಂಪು ಸತ್ತುಹೋಗುತ್ತದೆ. ಕಾಲಿಗೆ ತಣಿಜೋಡು, ಅದೂ ಹಾಗೆಯೇ. ಹೀಗಾಗಿ ನಮ್ಮಲ್ಲಿ ದರ್ಜಿಯವರಿಲ್ಲ, ನಂಬರುಗಳು ಮಾತ್ರ ಇವೆ. ಬಿಗಿಯಾದರೆ ಬೊಕ್ಕೆ ಏಳುತ್ತವೆ, ಸಡಿಲಾದರೆ ಬಿಸಿಲು ಒಳಗೆ ನುಗ್ಗುತ್ತದೆ. ಮನೆಯೊಳಗೆ ಮಾತ್ರ ಇಂದಿಗೂ ಸೀರೆ. ಅದಕ್ಕೆ ನಂಬರಿಲ್ಲ, ದೇವರು ದೊಡ್ಡವನು.

ನಾನು ಸೊಸೆಯಾಗಿ ಬಂದಾಗ ಒಂದೊಂದು ಮಗ್ಗದಮನೆಗೆ ಒಂದೊಂದು ನಂಬರಿತ್ತು, ಥೇಟ್ ನಿಮ್ಮ ಹಾಗೆ. ಆಮೇಲೊಂದು ದಿನ ನಮ್ಮ ಬೀದಿಯ ಹೆಂಗಸೊಬ್ಬಳು ಎಂದಿನ ನಾಲ್ಕನ್ನೇ ಬೇರೆ ಮಗ್ಗದಿಂದ ತಂದು ತೊಟ್ಟು ಕೆರೆಗೆ ಹೋದವಳು ಬಿಸಿಲು ಬಡಿದು ದಂಡೆಯ ಮೇಲೆ ಬಿದ್ದುಬಿಟ್ಟಳು. ಜೀವ ಉಳಿಯಿತು, ಎಡಗೈ ಏಳಲಿಲ್ಲ. ಊರು ಸಿಡಿದೆದ್ದಿತು. ಎಲ್ಲ ಮಗ್ಗಗಳಿಗೂ ಒಂದೇ ಅಳತೆ ಎಂದು ಊರಕೂಟ ಠರಾವು ಮಾಡಿತು. ಮೊದಲು ಊರಿನ ಹೆಂಗಸರನ್ನೆಲ್ಲ ಅಳೆದು, ಕೂಡಿಸಿ ಭಾಗಿಸಿ ಒಂದು ಮೈ ಮಾಡಿದರು. ಅದು ಯಾರಿಗೂ ಹಿಡಿಸಲಿಲ್ಲ. ಅಂಥ ಮೈಯವಳು ಊರಲ್ಲೇ ಇರಲಿಲ್ಲ. ಆಗ ಒಬ್ಬ ನಿಜವಾದ ಹೆಣ್ಣನ್ನು ಆರಿಸಿ ಅವಳನ್ನೇ ಐದು ಅನ್ನುವುದು, ಉಳಿದ ನಂಬರುಗಳನ್ನು ಅವಳಿಂದ ಹಿಗ್ಗಿಸಿ ಕುಗ್ಗಿಸಿ ತೆಗೆಯುವುದು ಎಂದಾಯಿತು. ಅಂಥವಳಿಗೆ ಇಟ್ಟ ಹೆಸರು ಅಚ್ಚುಮೈ.

ಆ ಅಚ್ಚುಮೈ ನಾನೇ ಆಗುತ್ತೇನೆಂದು ನನಗೆ ಅನುಮಾನವೇ ಇರಲಿಲ್ಲ. ಚಿಕ್ಕಂದಿನಿಂದ ನನ್ನ ನಿಲುವನ್ನು ನೋಡಿದವರೆಲ್ಲ ಹೊಗಳಿದ್ದರು. ಹೆಗಲು ತುಸು ಅಗಲ, ಪಾದವೂ ಅಗಲ, ಆದರೆ ಅದು ಗಟ್ಟಿ ಹೆಣ್ಣಿನ ಲಕ್ಷಣವೆಂದು ನಮ್ಮವ್ವ ಹೇಳುತ್ತಿದ್ದಳು. ಅಳತೆಕಟ್ಟೆಗೆ ಹೋಗುವ ದಿನ ಜೊತೆಗಿರಲಿ ಎಂದು ನನ್ನ ನೆಗೆಣ್ಣಿ ನೀಲಾಂಬಿಕೆಯನ್ನು ಕರೆದೊಯ್ದೆ. ಅವಳು ನನ್ನ ಮೈದುನನ ಹೆಂಡತಿ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಮೂಲೆಯಲ್ಲಿ ನನ್ನ ಚೀಲ ಹಿಡಿದು ನಿಂತಿದ್ದಳು. ಅಳತೆಗಾರ್ತಿ ಜೈಬುನ್ನಿಸಾ ನನ್ನನ್ನು ಅಳೆದಳು. ಟೇಪು ಸುತ್ತುತ್ತಾ ಮೂಲೆಯ ಕಡೆ ನೋಡಿದಳು.

"ಆ ಚೀಲ ಹಿಡ್ಕೊಂಡಾಕಿ ಯಾರು? ಬಾರಮ್ಮಾ ಇಲ್ಲಿ."

"ನಾನಲ್ರೀ, ನಮ್ಮಕ್ಕ ಬಂದಾಳ. ನಾನು ಸುಮ್ನ ಬಂದೀನಿ," ಎಂದಳು ನೀಲಾ.

"ಸುಮ್ನ ಬಂದಾಕಿನ ಸುಮ್ನ ಅಳೀತೀನಿ ಬಾ."

ನೀಲಾ ನನ್ನ ಚೀಲವನ್ನು ನನ್ನ ಕೈಗೇ ಕೊಟ್ಟು ಕಟ್ಟೆ ಹತ್ತಿದಳು. ಅವತ್ತಿನಿಂದ ಐದು ಅಂದರೆ ನೀಲಾ.

ಅದು ಏನೆಂದು ನಿಮಗೆ ಹೇಗೆ ಹೇಳಲಿ? ಅವಳು ಅಂಗಡಿಗೆ ಹೋದರೆ ಬಟ್ಟೆಯ ಕಡೆ ನೋಡುವುದೂ ಇಲ್ಲ. ಯಾರ ಜೊತೆಗೋ ಮಾತಾಡುತ್ತಾ ಕೈಚಾಚಿ ಐದನ್ನು ತೆಗೆದುಕೊಂಡು ಬರುತ್ತಾಳೆ. ನಾನು ತೊಡುಗೂಡಿಗೆ, ಅಂದರೆ ಬಟ್ಟೆ ತೊಟ್ಟು ನೋಡುವ ಆ ಇಕ್ಕಟ್ಟು ಕೋಣೆಗೆ, ಐದು ಒಯ್ಯುತ್ತೇನೆ, ಹೆಗಲಲ್ಲಿ ಸಿಕ್ಕಿಕೊಳ್ಳುತ್ತದೆ. ಆರು ಒಯ್ಯುತ್ತೇನೆ, ಸೊಂಟದಲ್ಲಿ ಜೋಲುತ್ತದೆ. ಅಂಗಡಿಯ ಗಾದಿಲಿಂಗಪ್ಪ ಹೊರಗಿನಿಂದಲೇ ಕೂಗುತ್ತಾನೆ: "ನಿಮ್ಮ ನೆಗೆಣ್ಣಿ ನೆಟ್ಟಗ ಐದು ರೀ ಅಕ್ಕಾರ, ನೀವು ಅಡ್ಡ ಐದು!" ಅಡ್ಡ ಐದು ಎಂಬ ನಂಬರು ಎಲ್ಲಿಯೂ ಇಲ್ಲ. ಆದರೆ ಆ ಹೆಸರು ನನಗೆ ಅಂಟಿತು.

ನೀಲಾಳ ಎಡಗಾಲಿನ ಕಿರುಬೆರಳು ಒಳಕ್ಕೆ ಮಡಿಚಿದೆ. ಹೀಗಾಗಿ ಊರಿನ ಎಡಗಾಲಿನ ಜೋಡುಗಳೆಲ್ಲ ಅಲ್ಲಿ ಕಿರಿದಾದವು. ಊರಿನ ಹೆಂಗಸರೆಲ್ಲ ಎಡಕ್ಕೆ ಒಂಚೂರು ವಾಲಿ ನಡೆಯತೊಡಗಿದರು. ಹೊಸಪೇಟೆಯಲ್ಲಿ ನಮ್ಮನ್ನು ಕಂಡವರು "ಬಳ್ಳಾರಿಯವ್ರು ಬಂದ್ರು" ಎಂದು ನಡಿಗೆಯಿಂದಲೇ ಗುರುತು ಹಿಡಿಯುತ್ತಿದ್ದರು. ನನ್ನ ಕಿರುಬೆರಳು ನೆಟ್ಟಗಿದೆ, ಅಗಲವಾಗಿದೆ, ಆರೋಗ್ಯವಾಗಿದೆ. ಅದರ ಮೇಲೆ ಹುಣ್ಣಾಯಿತು. ಸಂಜೆ ನಾನು ಆ ಹುಣ್ಣಿಗೆ ಎಣ್ಣೆ ಹಚ್ಚುತ್ತಾ ಕೂತರೆ ನೀಲಾ ಎದುರಿಗೆ ಬಂದು, "ಅಕ್ಕಾ, ನಾ ಹಚ್ಚಲೇನು?" ಎನ್ನುತ್ತಿದ್ದಳು. ಅವಳ ಒಳ್ಳೆಯತನವೂ ಅವಳ ಮೈಯ ಹಾಗೆಯೇ, ಎಲ್ಲಿಯೂ ಹೆಚ್ಚಿಲ್ಲ, ಎಲ್ಲಿಯೂ ಕಡಿಮೆಯಿಲ್ಲ. ಅದಕ್ಕೂ ನನಗೆ ಉರಿಯುತ್ತಿತ್ತು.

ಆದರೆ ಅಚ್ಚುಮೈ ಹಿಗ್ಗಬಾರದು, ಕುಗ್ಗಬಾರದು. ಹುಣ್ಣಿಮೆಗೊಮ್ಮೆ ಜೈಬುನ್ನಿಸಾ ಮನೆಗೇ ಬಂದು ಅಳೆಯುತ್ತಿದ್ದಳು. ಹಬ್ಬದಲ್ಲಿ ನೀಲಾಳ ಎಲೆಗೆ ಅರ್ಧ ಹೋಳಿಗೆ. ಮುಖ್ಯವಾಗಿ, ಏಳು ವರ್ಷ ಮಕ್ಕಳು ಬೇಡ ಎಂದು ಊರಕೂಟ ಬರೆಸಿಕೊಂಡಿತ್ತು. ಮೈದುನ ಮೊದಲು ಹೆಮ್ಮೆಪಟ್ಟ, ಆಮೇಲೆ ಹುಣ್ಣಿಮೆಯ ದಿನ ಮನೆಯಲ್ಲಿ ನಿಲ್ಲುವುದನ್ನೇ ಬಿಟ್ಟ.

ಮೂರನೇ ವರ್ಷ ನಾನು ಬಸುರಾದೆ. ಯಾವ ನಂಬರೂ ಹಿಡಿಸದೆ, ಹೊರಗೆ ಹೋಗಲಾರದೆ, ಅತ್ತೆಯ ಹಳೇ ಸೀರೆ ಸುತ್ತಿಕೊಂಡು ಕೂತಿರುತ್ತಿದ್ದೆ. ನೀಲಾ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ನಿನಗ ಊರಾಗಿನ ಒಂದ್ ಬಟ್ಟಿನೂ ಹಿಡಿಯಂಗಿಲ್ಲ ನೋಡಕ್ಕಾ ಈಗ," ಎಂದಳು. "ಎಷ್ಟ್ ಪುಣ್ಯ ಮಾಡಿದ್ದಿ."

ಅವಳ ಕಣ್ಣು ತುಂಬಿತ್ತು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು, ಬಸುರಿಯಾದ ನನ್ನನ್ನು ಬಿಟ್ಟು, ಅವಳ ತಲೆ ನೇವರಿಸಿ "ಅಳಬ್ಯಾಡವ್ವಾ" ಎಂದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಕನಿಕರಕ್ಕಿಂತ ಮೊದಲು ಬಂದದ್ದು ಮತ್ಸರ. ಇವಳ ದುಃಖ ಕೂಡ ಮನೆಯವರಿಗೆಲ್ಲ ಸರಿಯಾಗಿ ಹೊಂದುತ್ತದಲ್ಲ ಎಂದುಕೊಂಡೆ.

ನನಗೆ ಮಗ ಹುಟ್ಟಿದ. ಕೆಲವು ತಿಂಗಳಿಗೆ ನೀಲಾಳ ನಡಿಗೆ ಭಾರವಾದದ್ದು ಮನೆಯಲ್ಲಿ ಎಲ್ಲರಿಗಿಂತ ಮೊದಲು ನನಗೆ ತಿಳಿಯಿತು. ಅವಳ ಮೈಯನ್ನು ನನ್ನಷ್ಟು ನೋಡಿದವರು ಬೇರಾರಿದ್ದಾರೆ? ಹುಣ್ಣಿಮೆಗೆ ಬಂದ ಜೈಬುನ್ನಿಸಾ ಟೇಪು ಸುತ್ತಿದಳು, ಹಳೆಯ ಅಳತೆಯನ್ನೇ ಬರೆದುಕೊಂಡಳು, ಚಹಾ ಕುಡಿದಳು, ಹೋದಳು. ಅವಳೂ ನಾಲ್ಕು ಹೆತ್ತವಳು. ಋತು ಬದಲಾಗುವಾಗ ಅಚ್ಚುಮೈ ಕಟ್ಟೆಯ ಮೇಲೆ ನಿಲ್ಲುತ್ತಾಳೆ, ಮಗ್ಗಗಳು ತಾವಾಗಿಯೇ ಅವಳ ಮೈಯನ್ನು ಓದಿಕೊಂಡು ನೇಯತೊಡಗುತ್ತವೆ. ನೀಲಾ ಹೋಗಿ ನಿಂತಳು. ಮಗ್ಗಗಳಿಗೇನು ಗೊತ್ತು? ಆ ಬೇಸಿಗೆಗೆ ಬಂದ ಬಟ್ಟೆಗಳೆಲ್ಲ ಹೊಟ್ಟೆಯ ಹತ್ತಿರ ಗುಡಾಣ. ಹೆಗಲು ಸಡಿಲು, ಅವಳ ಪಾದ ಊದಿದ್ದರಿಂದ ಜೋಡುಗಳು ಅಗಲ. ನೆರಳುಬೀದಿಗಳ ತುಂಬ ಹೆಂಗಸರ ಜೋಡು ಟಪಟಪ ಹೊಡೆದುಕೊಳ್ಳುತ್ತಿತ್ತು. ಗಾದಿಲಿಂಗಪ್ಪ "ಊರಿಗೆ ಊರೇ ಬಸುರಾಗೇತ್ರೀ" ಎಂದು ತಲೆಯ ಮೇಲೆ ಕೈ ಹೊತ್ತುಕೊಂಡ.

ನಾನೊಬ್ಬಳು ಮಾತ್ರ ತೊಡುಗೂಡಿಗೆ ಐದು ಒಯ್ದು, ಅದನ್ನೇ ತೊಟ್ಟು ಹೊರಗೆ ಬಂದೆ. ಹಡೆದ ಮೈ, ಅಗಲ ಹೆಗಲು, ಅಗಲ ಪಾದ. ಕೂಸನ್ನು ಎತ್ತಿಕೊಂಡು ಚಪ್ಪರ ದಾಟಿ ಬಿಸಿಲಿನಲ್ಲಿ ಕೆರೆಯತನಕ ನಡೆದೆ, ಬೊಕ್ಕೆ ಏಳಲಿಲ್ಲ, ಬೆರಳು ನೋಯಲಿಲ್ಲ. ಜೀವನದಲ್ಲಿ ಅಷ್ಟು ಸುಖವಾಗಿ ನಾನು ನಡೆದಿರಲಿಲ್ಲ. ಅದೂ ಅವಳ ಮೈಯಿಂದಲೇ ಬಂದ ಸುಖ ಎಂಬುದು ಕೆರೆ ದಂಡೆಯ ಮೇಲೆ ಹೊಳೆದು ಬಾಯಿ ಕಹಿಯಾಯಿತು.

ಊರಕೂಟ ಸೇರಿತು. ಯಜಮಾನ ಎರ್ರಿಸ್ವಾಮಿ ಎದ್ದು, "ಮಾತು ಕೊಟ್ಟು ತಪ್ಪಿದಿಯಮ್ಮಾ. ಊರಿನ ಅಳತೀನ ಕೆಡಿಸಿಬಿಟ್ಟಿ," ಎಂದರು.

ತುಂಬಿದ ಹೊಟ್ಟೆಯ ನೀಲಾ ಗೋಡೆ ಹಿಡಿದು ಎದ್ದು ನಿಂತಳು. "ಐದು ಅಂದ್ರ ನಾನಲ್ಲೇನ್ರಿ ಯಜಮಾನ್ರ? ನಾನು ಎಷ್ಟಾದ್ರೂ ಐದೇ. ಕೆಟ್ಟಿದ್ದು ನಿಮ್ಮ ಟೇಪು, ಅದನ್ನ ಸರಿ ಮಾಡಿಸ್ರಿ."

ಹೆಂಗಸರ ಸಾಲು ಚಪ್ಪಾಳೆ ತಟ್ಟಿತು. ಹಿಂದೆ ಕೂಸಿನೊಂದಿಗೆ ನಿಂತಿದ್ದ ನಾನು ತಟ್ಟಲಿಲ್ಲ, ಕೈ ಖಾಲಿ ಇರಲಿಲ್ಲ. ಖಾಲಿ ಇದ್ದಿದ್ದರೆ? ಗೊತ್ತಿಲ್ಲ. ಆ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ ಎಂದಷ್ಟೇ ಯೋಚಿಸುತ್ತಿದ್ದೆ.

ಅವಳನ್ನು ತೆಗೆದು ಕೌಲ್ ಬಜಾರಿನ ಒಂದು ಹುಡುಗಿಯನ್ನು ಅಚ್ಚುಮೈ ಮಾಡಿದರು. ಆದರೆ ವ್ಯಾಪಾರಿಗಳು ಹಳೆಯ ನೀಲಾಳ ಐದನ್ನೂ ಬಿಡಲಿಲ್ಲ, ಬಸುರಿ ನೀಲಾಳ ಐದನ್ನೂ ಬಿಡಲಿಲ್ಲ, ಹೊಸ ಹುಡುಗಿಯ ಐದನ್ನೂ ಸೇರಿಸಿಕೊಂಡರು. ಯಾವ ಮಗ್ಗ ಯಾವ ಐದು ನೇಯುತ್ತದೆಂದು ಯಾರಿಗೂ ತಿಳಿಯದು. ಅಲ್ಲಿಗೆ ನಾವು ನೀವಿರುವಲ್ಲಿಗೇ ಬಂದು ನಿಂತೆವು. ನೀಲಾಳಿಗೆ ಮಗಳು ಹುಟ್ಟಿದಳು. ಅವಳ ಮೈ ಮತ್ತೆ ಮೊದಲಿನಂತಾಗಲಿಲ್ಲ.

ಈ ಸಲದ ಬಸವಜಯಂತಿಗೆಂದು ನಾವಿಬ್ಬರೂ ಗಾದಿಲಿಂಗಪ್ಪನ ಅಂಗಡಿಗೆ ಹೋದೆವು. ಅಕ್ಕಪಕ್ಕದ ಗೂಡು. ಆ ಕಡೆಯಿಂದ ಮೊದಲು ಗುದ್ದಾಟ, ಆಮೇಲೆ ಏನೋ ಕೆಳಗೆ ಬಿದ್ದ ಸದ್ದು, ಆಮೇಲೆ ನೀಲಾಳ ನಗು.

"ಅಕ್ಕಾ, ತಲಿ ಸಿಕ್ಕೊಂಡೈತಿ! ಇದು ಯಾವ ತಾಯಿ ಐದೋ ಏನೋ! ನಿನಗ ಹಿಡೀತೇನು?"

ನನಗೆ ಹಿಡಿದಿತ್ತು. ಹೆಗಲು, ಸೊಂಟ, ತೋಳು, ಎಲ್ಲ. ನನ್ನನ್ನೇ ಕಟ್ಟೆಗೆ ಹತ್ತಿಸಿ ನೇಯ್ದ ಹಾಗೆ. ಇಷ್ಟು ವರ್ಷ ಕಾದದ್ದು ಮೈಮೇಲೆ ತಣ್ಣಗೆ ಕೂತಿತ್ತು, ಮತ್ತು ಹಲಗೆಯಾಚೆ ಅವಳು ಉಸಿರು ಕಟ್ಟುವಷ್ಟು ನಗುತ್ತಿದ್ದಳು. ನನಗೆ ಆ ನಗುವಿನ ಮೇಲೆ ಹೊಟ್ಟೆಕಿಚ್ಚಾಯಿತು.

"ಇಲ್ಲವೇ ತಂಗಿ," ಎಂದೆ, ಬಟ್ಟೆಯನ್ನು ತಲೆಯ ಮೇಲಿಂದ ಎಳೆಯುತ್ತಾ. "ಹೆಗಲ್ದಾಗ ಸಿಕ್ಕೊಂಡೈತಿ, ಬಂದು ಎಳಿ."

ಅವಳು ಬಂದು ಎಳೆದಳು. ಇಬ್ಬರೂ ನಕ್ಕೆವು.

ಹಿರಿಯರೇ, ಒಂದು ಎಚ್ಚರಿಕೆಯಷ್ಟೇ ಹೇಳಿ ಮುಗಿಸುತ್ತೇನೆ. ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಮಾಡುತ್ತೇವೆಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ಯಾರ ಮೈಯ ಅಳತೆ ಎಂದು ಮೊದಲು ಕೇಳಿ. ದೂರದವರದಾದರೆ ಒಪ್ಪಿಕೊಳ್ಳಿ. ಪಕ್ಕದ ಮನೆಯವರದಾದರೂ ಹೇಗೋ ತಡೆದುಕೊಂಡೀರಿ. ನಿಮ್ಮದೇ ಒಲೆಯ ರೊಟ್ಟಿ ತಿನ್ನುವವರದಾದರೆ ಮಾತ್ರ, ನನ್ನಾಣೆ, ಬಾಗಿಲು ಹಾಕಿಕೊಳ್ಳಿ.

ನಿಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿರುವ ನಿಮ್ಮ ಮನೆಮಗಳು,
ಕೊಟ್ರಬಸಮ್ಮ