ಕೂತವರ ಅಳತೆ

೧೪ ಮಾರ್ಚ್ ೧೯೫೪, ಗೋಕಾಕ, ಸಂಜೆ
ಅರಮನೆ ಪರದೆ ಮತ್ತೆ ಹರಿದಿದೆ. ಅಂಟು ಕುದಿಸಿ ತೇಪೆ ಹಾಕುತ್ತಿದ್ದೆ. ನಾಟಕ ಕಂಪನಿ ಮಾಲೀಕರು ಬಂದು ನಿಂತರು.
"ಕಲ್ಲಪ್ಪಾ, ಬಿಡ್ರಿ ಇನ್ನ. ಮಂದಿ ಎಲ್ಲಾ ಸಿನೇಮಾಕ್ಕ ಹೊಂಟಾರ. ಕಂಪನಿ ಮುಚ್ಚಾಕತ್ತೇನಿ."
ಹದಿನೈದು ವರ್ಷ. ಕಾಡು, ಸಮುದ್ರ, ಕೈಲಾಸ — ಎಲ್ಲ ಬರೆದದ್ದು ಈ ಕೈಯಿಂದಲೇ. ತೇಪೆ ಮುಗಿಸಿಯೇ ಎದ್ದೆ. ಯಾಕೋ ಗೊತ್ತಿಲ್ಲ.

೨ ಆಗಸ್ಟ್, ಹುಕ್ಕೇರಿ
ಅಣ್ಣಾಸಾಹೇಬರ ಬಟ್ಟೆ ಅಂಗಡಿಯ ಶೋಕೇಸ್ ಕೆಲಸ ಸಿಕ್ಕಿತು. ಗಾಜಿನ ಹಿಂದೆ ಇಳಕಲ್ ಸೀರೆಗಳನ್ನು ಗೋಕಾಕದ ಧಬಧಬೆಯ ನೀರಿನಂತೆ ಇಳಿಬಿಟ್ಟೆ. ಸಂತೆಗೆ ಬಂದವರೆಲ್ಲ ನಿಂತು ನೋಡಿದರು. ಮಗಳು ಚನ್ನವ್ವನೂ ನೋಡಿದಳು.
"ಅಪ್ಪಾ, ನನ್ನ ಮದಿವಿ ಹಂದರಾ ನೀನ ಹಾಕಬೇಕ ನೋಡು."
"ಇಂದ್ರಸಭಾನ ಕಟ್ಟತೇನ ಬಿಡವ್ವಾ."

೨೧ ಜನವರಿ ೧೯೫೫, ಮೂಡಲಗಿ
ಹೆಂಡತಿಯ ತಂದೆ ತೀರಿಕೊಂಡರು. ನಮ್ಮ ಲಿಂಗಾಯತರಲ್ಲಿ ಹೆಣವನ್ನು ಕೂರಿಸಿ, ಸುತ್ತ ಬಿದಿರಿನ ವಿಮಾನ ಕಟ್ಟಿ ಹೊರುವುದು ಪದ್ಧತಿ. ಕಟ್ಟುವವನಿಗೆ ಜ್ವರ.
"ಮಾವಾರ, ನೀವ ಕಟ್ರಿ," ಎಂದ ಹೆಂಡತಿಯ ತಮ್ಮ ವೀರಪ್ಪ.
ಅಳತೆ ತೆಗೆದೆ — ಮೊಣಕಾಲಿನಿಂದ ಮೊಣಕಾಲಿಗೆ, ನೆಲದಿಂದ ನೆತ್ತಿಗೆ. ಬಿದಿರು, ಬಣ್ಣದ ಕಾಗದ, ನಾಲ್ಕು ನವಿಲು. "ಹಿಂಗ ಹೋಗಾಕ ಪುಣ್ಯಾ ಮಾಡಿರಬೇಕು" ಎಂದರು ಜನ. ಹಿಗ್ಗಿದೆ. ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು.

೯ ನವೆಂಬರ್ ೧೯೫೬
ತುಕ್ಕಾನಟ್ಟಿಯಲ್ಲಿ ಇವತ್ತು ಹದಿನೇಳನೆಯ ವಿಮಾನ. ಈಗ ಟೇಪು ಬೇಕಿಲ್ಲ. ಕಣ್ಣೇ ಅಳೆಯುತ್ತದೆ.
ಅಣ್ಣಾಸಾಹೇಬರು ಶೋಕೇಸ್ ಕೆಲಸ ಬಿಡಿಸಿದರು. "ಮದಿವಿ ಜವಳಿ ತಗೊಳ್ಳಾಕ ಬರೂ ಮಂದಿ ಹಿಂದ ಸರೀತಾರ್ರಿ. ತಪ್ಪ ತಿಳೀಬ್ಯಾಡ್ರಿ."
ನಮ್ಮಲ್ಲಿ ಸೂತಕವೇ ಇಲ್ಲ ಎಂದು ದಿನಾ ಹೇಳುವ ಜನ!

೩ ಏಪ್ರಿಲ್ ೧೯೫೭
ಚನ್ನವ್ವನ ಮದುವೆ ಗಟ್ಟಿಯಾಯಿತು. ಬೆಲ್ಲದ ಬಾಗೇವಾಡಿಯ ರಾಚಪ್ಪನ ಮಗ. ಹಂದರದ ಮಾತು ತೆಗೆದೆ. ಬೀಗರು ನೆಲ ನೋಡಿದರು.
"ಅದೊಂದ ಬ್ಯಾಡ್ರಿ ಬೀಗರ. ವಿಮಾನಾ ಕಟ್ಟೂ ಕೈ ಅಂತ ಮಂದಿ ಆಡಕೋತಾರ."
ಕೈ ಮುಗಿದೆ. ಯಾರ ಮುಂದೆಯೂ ಮುಗಿದವನಲ್ಲ. ಕೇಳಲಿಲ್ಲ.
"ಹುಡಿಗಿ ಚೊಲೋ ಮನಿಗಿ ಹೊಂಟಾಳ. ಬಾಯಿ ಮುಚ್ಚಕೊಂಡ ಕುಂದರ್ರಿ," ಎಂದಳು ಹೆಂಡತಿ. ಚನ್ನಿ ಒಲೆ ಮುಂದೆ ಅಳುತ್ತಿದ್ದಳು, ಹೊಗೆ ಅಂದಳು.

೧೧ ಮೇ
ಅವತ್ತಿನಿಂದ ಏನೂ ಬರೆದಿಲ್ಲ. ಬರೀ ಸಿಟ್ಟು. ರಾಚಪ್ಪನನ್ನು ತಿಂಗಳಿಡೀ ಶಪಿಸಿದ್ದೇನೆ.

೧೨ ಮೇ, ಬೆಲ್ಲದ ಬಾಗೇವಾಡಿ
ಮದುವೆ ಮುಗಿಯಿತು. ಹಂದರ ಸೊಟ್ಟಗಿತ್ತು, ಕಂಬ ಒಂದಕ್ಕೊಂದು ತಾಳೆಯಿಲ್ಲ.
ಬಾಸಿಂಗ ಕಟ್ಟಿಕೊಂಡು ಚನ್ನಿ ಬಂದಳು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನನ್ನ ಕೈಗೆ ಅಕ್ಕಿಕಾಳು ಕೊಟ್ಟರು. ಮಗಳನ್ನು ಕಣ್ತುಂಬ ನೋಡಬೇಕೆಂದು ನೋಡಿದೆ.
ಮೊಣಕಾಲಿನಿಂದ ಮೊಣಕಾಲಿಗೆ ಎರಡು ಅಡಿ ಎರಡು ಇಂಚು. ನೆತ್ತಿಗೆ ಎರಡು ಅಡಿ ಎಂಟು.
ನಾನು ಅಳೆಯಲಿಲ್ಲ, ದೇವರಾಣೆ. ಕಣ್ಣು ತಾನೇ ಅಳೆಯಿತು. ನಾಲ್ಕು ಬಿದಿರು ಎಲ್ಲಿ ನಿಲ್ಲಬೇಕೆಂಬುದೂ ಕಂಡಿತು.
ಎಲ್ಲರೂ ಅಕ್ಕಿಕಾಳು ಹಾಕಿದರು, ನಾನು ಮುಷ್ಟಿ ಬಿಗಿ ಹಿಡಿದೆ. ರಾಚಪ್ಪ ಬಂದು ಹೆಗಲು ಹಿಡಿದ. "ಹೆಣ್ಣ ಕೊಟ್ಟವರಿಗಿ ಸಂಕಟಾ ಇರೂದನರಿ. ಹಾಕ್ರಿ, ಬೀಗರ."
ಇವನನ್ನೇ ಶಪಿಸಿದ್ದೆ. ಹಂದರ ನಾನು ಹಾಕದಿದ್ದದ್ದೇ ಒಳ್ಳೆಯದಾಯಿತು. ಅಯ್ಯೋ, ಒಳ್ಳೆಯದಾಯಿತು.
ಚನ್ನಿ ತಲೆ ಎತ್ತಿ ಗುಂಪಿನಲ್ಲಿ ನನ್ನನ್ನು ಹುಡುಕಿದಳು. ನಾನು ಕಂಬದ ಹಿಂದೆ ಸರಿದೆ. ಅಕ್ಕಿಕಾಳು ಹಾಗೇ ಜೇಬಿನಲ್ಲಿವೆ. ನಾಳೆ ಬೆಳಿಗ್ಗೆ ನಾವು ಊರಿಗೆ ಹೊರಡುವ ಮೊದಲು ಅವಳು ಕಾಲಿಗೆ ಬೀಳಲು ಬರುತ್ತಾಳೆ. ಆಗ ಅವಳ ಮುಖ ಬಿಟ್ಟು ಬೇರೆ ಏನೂ ನೋಡದೆ ಈ ಕಾಳು ಅವಳ ತಲೆ ಮೇಲೆ ಹಾಕಬೇಕು.