ಐದನೆಯ ಟ್ರ್ಯಾಕರ್

ಅರಿಲ್ಯೆ
ಜುಲೈ ೯, ಬುಧವಾರ

ಪ್ರೀತಿಯ ತಿಹೊಮಿರ್,

ಸೊಂಟ ಹೇಗಿದೆ? ಬಾನ್ಯಾ ಚಿಕಿತ್ಸಾಲಯದ ಬಿಸಿನೀರಿನ ಬುಗ್ಗೆಗೆ ಇಳಿದ ಮೇಲೆ ನೋವು ಸ್ವಲ್ಪವಾದರೂ ತಗ್ಗಿತೇ? ಸಂತ ಪೇತರ್ ಹಬ್ಬದ ಉಪವಾಸ ಇನ್ನೂ ಮುಗಿದಿಲ್ಲ, ಪಕ್ಕದ ಮಂಚದವನು ಕೊಟ್ಟನೆಂದು ಹಂದಿಮಾಂಸ ತಿನ್ನಬೇಡ. ಇಲ್ಲಿ ಎಲ್ಲವೂ ಚೆನ್ನಾಗಿದೆ, ನನ್ನ ಸಿಟ್ಟೊಂದನ್ನು ಬಿಟ್ಟು. ಫೋನಿನಲ್ಲಿ ಹೇಳಹೊರಟರೆ "ಕೇಳಿಸ್ತಿಲ್ಲ ಕಣೇ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದವನ್ನು ಡ್ರೈವರ್ ಒಬ್ರೆನ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಪೂರ್ತಿ ಓದುವ ತನಕ ಅಲ್ಲೇ ನಿಂತಿರು ಎಂದಿದ್ದೇನೆ.

ಮೊದಲು ವ್ಯವಹಾರ. ನಮ್ಮ ಲಾರಿಗಳಿಗೆ ಯಾವ ಟ್ರ್ಯಾಕರ್ ಹಾಕಿಸಬೇಕೆಂದು ನೋಡು ಎಂದು ನನಗೆ ಒಪ್ಪಿಸಿ ಹೋದೆಯಲ್ಲ, ಆರಿಸಿದ್ದೇನೆ. ಮೊದಲು ಬಂದವನದು ಅಗ್ಗ, ಆದರೆ ಲಾರಿ ಎಲ್ಲಿದೆ ಎಂದಷ್ಟೇ ತೋರಿಸುತ್ತದೆ. ಒಳಗಿನ ರಾಸ್ಪ್‌ಬೆರಿ ಕರಗಿ ಜಾಮ್ ಆದರೂ ಅದಕ್ಕೆ ಗೊತ್ತಾಗದು. ಎರಡನೆಯವನು ಡ್ರೈವರನ ಮುಖಕ್ಕೇ ಕ್ಯಾಮೆರಾ ಇಡುತ್ತಾನಂತೆ, ಆಕಳಿಸಿದರೆ ಅಂಕ ಕಳೆಯುತ್ತಾನಂತೆ. "ಹೋಗಪ್ಪಾ, ನನ್ನ ಗಂಡನೇ ಆಕಳಿಸದೆ ಗಾಡಿ ಓಡಿಸಲ್ಲ" ಎಂದು ಕಾಫಿ ಕೊಟ್ಟು ಕಳಿಸಿದೆ. ಮೂರನೆಯದು ಲಾರಿಯೊಳಗಿನ ತಂಪನ್ನೂ ಹೇಳುತ್ತದೆ, ಬಾಗಿಲು ತೆಗೆದದ್ದನ್ನೂ ಹೇಳುತ್ತದೆ. ಹಣ್ಣಿನ ಲಾರಿಗೆ ಅದೇ ಸರಿ. ಜೂನ್ ತಿಂಗಳೆಲ್ಲ ಇಟ್ಟು ನೋಡಿ ಎಂದು ಅವರು ಬಿಟ್ಟಿಯಾಗಿ ಐದು ಕೊಟ್ಟಿದ್ದರು. "ಯಾರಿಗೂ ಹೇಳ್ಬೇಡ, ಹೇಳಿದ್ರೆ ಕಳ್ಳ ಎಚ್ಚರ ಆಗ್ತಾನೆ" ಎಂದು ನೀನು ನನಗೆ ತಾಕೀತು ಮಾಡಿದ್ದು ನೆನಪಿದೆಯೇ? ಒಬ್ರೆನ್ ದಾರಿಯಲ್ಲಿ ಕಾಲಹರಣ ಮಾಡಿ ಹಣ್ಣು ಕೆಡಿಸುತ್ತಾನೆ ಎಂದು ನಿನ್ನ ಅನುಮಾನ. ಟ್ರ್ಯಾಕರ್ ನೋಡಿದರೆ, ಪಾಪ, ಅವನು ಶೀತಲಗೃಹದ ಗೇಟಿನ ಮುಂದೆ ಸಾಲಿನಲ್ಲಿ ಬೇಯುತ್ತಿದ್ದ. ನಿನ್ನ ಪರವಾಗಿ ಕ್ಷಮೆ ಕೇಳಿದ್ದೇನೆ, ಎದುರಿಗಿದ್ದಾನೆ, ನೀನೂ ಕೇಳು.

ಲಾರಿ ನಾಲ್ಕು, ಟ್ರ್ಯಾಕರ್ ಐದು. ಬಿಟ್ಟಿ ಬಂದದ್ದನ್ನು ಸುಮ್ಮನೆ ಇಡಲು ಮನಸ್ಸಾಗದೆ ಉಳಿದೊಂದನ್ನು ನಿನ್ನ ಪಿಕಪ್ಪಿನ ಸೀಟಿನಡಿ ಅಂಟಿಸಿದ್ದೆ. ಯಾರಿಗೂ ಹೇಳಬೇಡ ಎಂದು ನೀನೇ ಹೇಳಿದ್ದೆ, ಹಾಗಾಗಿ ನಿನಗೂ ಹೇಳಲಿಲ್ಲ. ಸೋಮವಾರ ಕುಳಿತು ಐದರ ದಾಖಲೆಯನ್ನೂ ನೋಡಿದೆ. ಗುರುವಾರ ಬಂತೆಂದರೆ ಬಿಡಿಭಾಗ ತರಲು ಉಜಿತ್ಸೆಗೆ ಹೋಗುತ್ತೇನೆ ಎನ್ನುತ್ತಿದ್ದೆಯಲ್ಲ, ಗಾಡಿ ಊರನ್ನೇ ದಾಟಿಲ್ಲ! ಸಂಜೆಯ ತನಕ ನಿನ್ನ ಅಣ್ಣ ಸ್ರೆಟೆನ್‌ನ ಅಂಗಳದಲ್ಲಿ ನಿಂತಿದೆ. ಅಪ್ಪನ ಪ್ಲಮ್ ತೋಟದ ಬೇಲಿಗಾಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದೇನೆ ಎನ್ನುತ್ತಿದ್ದೆಯಲ್ಲ, ಅದೇ ಅಣ್ಣ.

ಹೋದದ್ದಕ್ಕೆ ಸಿಟ್ಟಿಲ್ಲ, ತಿಹೊಮಿರ್. ಅಣ್ಣತಮ್ಮ ಒಂದಾದರೆ ನನಗಿಂತ ಸಂತೋಷಪಡುವವರು ಯಾರು? ಆದರೆ "ಆ ಮನೆ ನೀರೂ ಮುಟ್ಟಕೂಡದು" ಎಂದು ನನಗೆ ಆಣೆ ಹಾಕಿಸಿದವನು ನೀನು. ಅವನ ಹೆಂಡತಿ ಲೆಪಾ ನನಗೆ ಬರೀ ಓರಗಿತ್ತಿಯೇ? ಒಂದೇ ಬೆಂಚಿನಲ್ಲಿ ಕುಳಿತು ಓದಿದವಳು. ಸಂತೆಯಲ್ಲಿ ಅವಳು ಕಂಡರೆ ನಿನ್ನ ಮಾನ ಉಳಿಸಲು ರಸ್ತೆ ದಾಟಿದೆ. ಅವಳ ತಾಯಿಯನ್ನು ಮಣ್ಣು ಮಾಡಿದ ದಿನ ಸ್ಮಶಾನದ ಗೇಟಿನ ಹೊರಗೆ ನಿಂತಿದ್ದೆ, ಒಳಗೆ ಹೋಗಿ ಅವಳ ಕೈ ಹಿಡಿಯಲಿಲ್ಲ. ಎರಡೂ ಮನೆಗೆ ಮನೆದೇವರು ಒಬ್ಬನೇ, ಸಂತ ಪೇತರ್. ವರ್ಷವರ್ಷವೂ ಆ ಹಬ್ಬಕ್ಕೆ ಒಬ್ಬಳೇ ರೊಟ್ಟಿಯ ಹಿಟ್ಟು ನಾದಿ, ಒಬ್ಬಳೇ ಕಣ್ಣೀರು ಹಾಕಿದೆ. ನೀನೋ, ಅವಳ ಕೈಯ ಕಾಫಿ ಕುಡಿದು ಮೀಸೆ ಒರೆಸಿಕೊಂಡು ಬರುತ್ತಿದ್ದೆ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನ ಹೊಟ್ಟೆ ಎಷ್ಟು ಉರಿದಿದೆಯೆಂದು ನಿನಗೆ ಗೊತ್ತಾಗಬೇಕು.

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೋ. ಭಾರ ಎತ್ತಬೇಡ. ನೀನು ಎಂಥವನೇ ಆಗಿರು, ಸಂತ ಪೇತರ್ ನಿನ್ನನ್ನು ಕಾಯಲಿ.

ಇಷ್ಟಾದರೂ ನಿನ್ನವಳೇ,
ರುಜಿತ್ಸಾ

ತಾ.ಕ.: ಒಬ್ರೆನ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳುತ್ತೇನೆ. ನಿನ್ನೆ ನಾನೇ ಆ ಮನೆಗೆ ಹೋದೆ. ಲೆಪಾ ಗೇಟಿನಲ್ಲೇ ಅಪ್ಪಿಕೊಂಡು ಅತ್ತಳು. "ಅಂತೂ ಬಂದ್ಯಲ್ಲೇ ರುಜಾ! ಪ್ರತಿಸಲ ನಿನ್ನ ಗಂಡನ್ನ ಕೇಳ್ತಿದ್ದೆ, ಅವಳ್ಯಾಕೆ ಬರಲ್ಲ ಅಂತ. 'ಅವಳಿಗಿನ್ನೂ ಕೋಪ ಇಳಿದಿಲ್ಲ, ನಿಮ್ಮ ಹೆಸರೆತ್ತಿದ್ರೆ ಉರಿದು ಬೀಳ್ತಾಳೆ' ಅಂತಿದ್ದ" ಎಂದಳು. ಕೋಪ ನನಗಂತೆ! ಶನಿವಾರ ಹಬ್ಬ. ಈ ಸಲ ಎರಡು ಮನೆಗೂ ಸೇರಿ ಹಬ್ಬದ ಮೇಣದಬತ್ತಿ ಒಂದೇ, ಸ್ರೆಟೆನ್ ಭಾವನ ಮನೆಯಲ್ಲಿ. ನೇರ ಅಲ್ಲಿಗೇ ಬಾ. ಕೋಪ ಯಾರಿಗಿತ್ತು ಎಂದು ಎಲ್ಲರೆದುರು ಲೆಪಾಗೆ ನಿನ್ನ ಬಾಯಿಂದಲೇ ಹೇಳು. ಊಟ ಬಡಿಸುವುದು ಆಮೇಲೆ.